ಮ್ಯಾಟ್ ಕೆಳಗಿನ ಮಣ್ಣು

ಉಪ್ಪಾರಹಳ್ಳಿ, ತುಮಕೂರು

ಸಂಪಾದಕರಿಗೆ ನಮಸ್ಕಾರ.

ಜಾಹೀರಾತು ಕೊಡಲಾಗದ ನನ್ನ ಜಿಮ್ ಬಗ್ಗೆ ಪುಕ್ಕಟೆಯಾಗಿ ಅರ್ಧ ಪುಟ ಬರೆದಿರಿ, ದೊಡ್ಡ ಉಪಕಾರ. ಆದರೆ ನಿಮ್ಮ ವರದಿಗಾರ್ತಿ ರಮ್ಯಶ್ರೀ ಮಾತಾಡಿಸಿದ ‘ಹಿರಿಯ ತರಬೇತುದಾರ ಮುದ್ದಯ್ಯ’ ನಮ್ಮಲ್ಲಿಲ್ಲ. ಆ ಹೆಸರು ನನ್ನ ತಾಯಿಯ ತಂದೆಯದು. ಇದೇ ಜಾಗದಲ್ಲಿ ಗರಡಿ ನಡೆಸುತ್ತಿದ್ದ ಅವರು, ಅಮ್ಮ ಹುಟ್ಟುವ ಮೊದಲೇ ತೀರಿಕೊಂಡರು.

“ಗರಡಿ ಮಣ್ಣಿನ ಮ್ಯಾಲೆ ರಬ್ಬರ್ ಹಾಸವ್ನೆ, ಉಸಿರು ಕಟ್ತದೆ” ಎಂದು ಅವರು ಹೇಳಿದ್ದಾಗಿ ಅಚ್ಚಾಗಿದೆ. ಮಣ್ಣು ತೆಗೆಸದೆ ಮ್ಯಾಟ್ ಹಾಸಿದ್ದು ನನ್ನ ಹೊರತು ಯಾರಿಗೂ ಗೊತ್ತಿಲ್ಲ.

ನಿನ್ನೆ ಮ್ಯಾಟ್ ಎತ್ತಿ ನೋಡಿದೆ. ಕುಸ್ತಿಗೆಂದು ಆಗಷ್ಟೇ ಅಗೆದು ಹದ ಮಾಡಿದಂತಿತ್ತು ಮಣ್ಣು, ಗರಡಿ ಮಣ್ಣಿಗೆ ಬೆರೆಸುವ ಅರಿಶಿನದ ವಾಸನೆ.

ತಿದ್ದುಪಡಿ ಹಾಕಬೇಡಿ. ಅವರು ಸಿಕ್ಕಿದ್ದು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿ ತಿಳಿಸಿ. ಅಪ್ಪನ ಮುಖ ನೋಡಿರದ ಅಮ್ಮ ಬೆಳಗಿನಿಂದ ಜಿಮ್ ಬಾಗಿಲಲ್ಲೇ ಕೂತಿದ್ದಾರೆ.

ಇತಿ,
ಗಂಗಾಧರ್