ಪರದೆಯ ಮೇಲಿನ ಕನ್ನಡ

ನನ್ನ ಜಾನು,

ಈ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದಲು ಬರುತ್ತದೆ ಎಂಬುದು ಹೆತ್ತ ಅಪ್ಪನಿಗೆ ಗೊತ್ತಾದದ್ದೇ ಮೊನ್ನೆ. ಥೂ, ಬರೆಯುವಾಗಲೇ ನಾಚಿಕೆಯಾಗುತ್ತದೆ.

ಕಳೆದ ರಾಜ್ಯೋತ್ಸವ ನೆನಪಿದೆಯೇ? ನೈರೋಬಿಯ ನಮ್ಮ ಕನ್ನಡ ಸಂಘಕ್ಕೆ ನಾನು ಅಧ್ಯಕ್ಷ, ಹೆಗಲ ಮೇಲೆ ಅರಿಶಿನ ಕುಂಕುಮ ಬಣ್ಣದ ಶಾಲು ಬೇರೆ. "ನಮ್ ಮಕ್ಳಿಗೆ ಕನ್ನಡ ಬೇಡ್ವಾಗಿದೆ ಸ್ವಾಮಿ, ಕೇಳಿದ್ದಕ್ಕೆಲ್ಲ ಇಂಗ್ಲಿಷಲ್ಲೇ ಉತ್ರ" ಎಂದು ಮೈಕಿನಲ್ಲಿ ಗೋಳಾಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಿನ್ನನ್ನೇ ಬೆರಳು ಮಾಡಿ ತೋರಿಸಿದೆ. ಜನ ನಕ್ಕರು. ನಾನೂ ನಕ್ಕೆ.

ನೀನು ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಂಡಾಗಲೂ ಅಷ್ಟೇ. "ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಕಣೇ" ಎಂದು ಕಿಚಾಯಿಸಿದೆ. ನೀನು ಇಂಗ್ಲಿಷಿನಲ್ಲಿ ತಾಳ್ಮೆಯಿಂದ ವಿವರಿಸಿದ್ದೆ: ಮಾತು ದುಡ್ಡಿನದಲ್ಲ, ನಿಮ್ಮ ಸಿಸ್ಟಮ್ಮಿನಲ್ಲಿ ಏನಿರಬೇಕೆಂದು ಕಂಪನಿ ತೀರ್ಮಾನಿಸುತ್ತದೆ, ಇದರಲ್ಲಾದರೆ ಒಳಗೇನಿದೆ ಎಂದು ನೋಡಬಹುದು, ಬೇಕಾದ ಹಾಗೆ ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಯಾರ ಅಪ್ಪಣೆಯೂ ಬೇಡ. ನಾನು ಆಕಳಿಸಿದೆ. ಔಷಧಿ ಫ್ಯಾಕ್ಟರಿಯಲ್ಲಿ ಒಳಗೇನಿದೆ ಎಂದು ಮೇಲೆ ಬರೆಯದೆ ಒಂದು ಬಾಟಲಿಯನ್ನೂ ಹೊರಗೆ ಬಿಡದ ಮನುಷ್ಯ ನಾನು. ಕಂಪ್ಯೂಟರ್ ಕೇಳಿದಾಗ ಮಾತ್ರ ಒಂದಕ್ಷರ ಓದದೆ 'ಒಪ್ಪಿದೆ' ಎಂದು ಒತ್ತುತ್ತೇನೆ.

ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ಕಂಪ್ಯೂಟರಿನ 'ಅನ್‌ಡೂ'ಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ನೀನು ಕೇಳಿದೆ. "ಅನ್‌ಡೂಗೆ ಅನ್‌ಡೂನೇ. ಸುಮ್ನೆ ಸಾರು ಬಡಿಸ್ಕೋ" ಎಂದು ಬಾಯಿ ಮುಚ್ಚಿಸಿದವನೂ ನಾನೇ.

ಮೊನ್ನೆ ನೀನು ಸ್ಕೂಲಿನಲ್ಲಿದ್ದೆ. ನನ್ನದು ಆಫೀಸಿನಲ್ಲಿ ಉಳಿದಿತ್ತೆಂದು ನಿನ್ನ ಲ್ಯಾಪ್‌ಟಾಪ್ ಮುಂದೆ ಕೂತೆ. ಪರದೆಯ ತುಂಬ ಕನ್ನಡ! ಕಡತ, ತಿದ್ದು, ಹುಡುಕು, ಉಳಿಸು. ಅಯ್ಯೋ ದೇವರೇ, ವೈರಸ್ ಹೊಕ್ಕಿದೆ ಅಂದುಕೊಂಡೆ. ತಕ್ಷಣ ಪಂಗಾನಿಯ ರಿಪೇರಿ ಅಂಗಡಿಗೆ ಒಯ್ದೆ. ಎಲ್ಲ ಅಳಿಸಿ ವಿಂಡೋಸ್ ಹಾಕಿಬಿಡಲೇ ಎಂದು ಅಂಗಡಿಯವನು ಕೇಳಿದ. "ಸವಾ, ಸವಾ" ಎಂದು ಸ್ವಾಹಿಲಿಯಲ್ಲಿ ಒಪ್ಪಿಬಿಟ್ಟೆ.

ಸಂಜೆ ನೀನು ಅದನ್ನು ತೆರೆದು ನೋಡಿ, ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ನಿನ್ನಮ್ಮ ಹೇಳಿದಳು. ಆ ಕನ್ನಡವೆಲ್ಲ ನಿನ್ನದಂತೆ. ರಜೆಯುದ್ದಕ್ಕೂ ಅವಳ ಹತ್ತಿರ ಅಕ್ಷರ ಕಲಿತು, ಒಂದೊಂದೇ ಪದ ಹುಡುಕಿ, ಆ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೆಯಂತೆ. ತಪ್ಪಿದ್ದರೆ ಜನ ನಕ್ಕಾರು ಎಂಬ ಅಂಜಿಕೆಯಿಂದ ಇನ್ನೂ ಯಾರಿಗೂ ಕಳಿಸಿರಲಿಲ್ಲವಂತೆ. ಅಷ್ಟೂ ಆ ಒಂದೇ ಲ್ಯಾಪ್‌ಟಾಪಿನಲ್ಲಿತ್ತು. ಕನ್ನಡ ಸಂಘದ ಅಧ್ಯಕ್ಷನಿಗೆ ಕಂಪ್ಯೂಟರಿನಲ್ಲಿ ಕನ್ನಡ ಕಂಡರೆ ರೋಗ ಅನ್ನಿಸಿತಲ್ಲ ಜಾನು! ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತಿದೆ.

ಇವತ್ತು ಬೆಳಿಗ್ಗೆ ನಿನ್ನ ಬಾಗಿಲಲ್ಲಿ ನಿಂತು ಬೇಡಿಕೊಂಡೆ. ನನ್ನ ಲ್ಯಾಪ್‌ಟಾಪಿಗೂ ಆ ಲಿನಕ್ಸನ್ನೇ ಹಾಕಿಕೊಡು, ಮತ್ತೆ ಮೊದಲಿಂದ ಮಾಡೋಣ, ನೀನು ಹೇಳು, ನಾನು ಟೈಪ್ ಮಾಡುತ್ತೇನೆ ಅಂದೆ. ಶೂ ಲೇಸ್ ಕಟ್ಟುತ್ತಿದ್ದ ನೀನು ತಲೆಯೆತ್ತಲಿಲ್ಲ. "ಬಿಡಪ್ಪಾ," ಅಂದೆ ನೀನು. "ಇಂಗ್ಲಿಷೇ ಸಾಕು."

ಈ ಊರಿನ ಸ್ಕೂಲು ಸೇರಿದ ಮೇಲೆ ನೀನು ನನಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದು ಇದೇ ಮೊದಲು.

ಒಳ್ಳೆಯದಾಗಲಿ ಕಂದಾ. ನಿನ್ನ ಕೈಯ ಕೆಲಸಕ್ಕೆ ಇನ್ನು ನನ್ನಂಥವರ ಕೈ ತಾಗದಿರಲಿ.

ನಿನಗೆ ಮುಖ ತೋರಿಸಲಾರದ ನಿನ್ನ ಅಪ್ಪ,
ಉಮಾಶಂಕರ