ಹೋಗದ ಲೈನು

ಗೌರಿಬಿದನೂರು
8-2-2006

ಲಕ್ಷ್ಮೀನರಸಮ್ಮಕ್ಕನವರಿಗೆ ವೇಣುವಿನ ನಮಸ್ಕಾರಗಳು.

ಸೋಮವಾರ ಕಾರ್ಯಕ್ರಮ ಮುಗಿಸಿ ನಾನು ತಿರುಗಿ ಫೋನ್ ಮಾಡಿದಾಗ ನಮ್ಮ ಗುರುಗಳು ತೀರಿಕೊಂಡ ಸುದ್ದಿ ಹೇಳಿದಿರಿ. ಆಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಅವತ್ತು ಸಂಜೆ, ಕಾರ್ಯಕ್ರಮಕ್ಕೆ ಮುಂಚೆ, ನೀವು ಗುರುಗಳ ಕಿವಿಗೆ ಫೋನ್ ಹಿಡಿದಾಗ ಮೂಕಾಭಿನಯಕ್ಕಾಗಿ ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡಿದ್ದೆ. ಬಣ್ಣ ತೊಳೆಯುವವರೆಗೆ ಮಾತಾಡಬಾರದು, ಅದೇ ನಿನ್ನ ಜಪ ಎಂದು ಒಂಬತ್ತು ವರ್ಷದ ಹಿಂದೆ ಹೇಳಿಕೊಟ್ಟವರು ಅವರೇ.

"ವೇಣಪ್ಪಾ, ಒಂದ್ ಮಾತಾಡೋ. ನಿನ್ ದನಿ ಕೇಳ್ಬೇಕು ಕಣೋ" ಅಂದರು.

ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹಿಂದೊಮ್ಮೆ ಚಿಂತಾಮಣಿಯಲ್ಲಿ ಹಾಗೇ ಮಾತಿಗೆಳೆದು, ನಾನು ಬಾಯಿ ಬಿಡದಿದ್ದಾಗ "ಪಾಸಾದೆ ಹೋಗು" ಎಂದು ನಕ್ಕಿದ್ದರು. ಈ ಸಲವೂ ನಗುತ್ತಾರೆಂದು ಕಾದೆ. ಕೊನೆಗೆ ನೀವು "ಲೈನ್ ಹೋಯ್ತು, ಬಿಡಿ ತಾತ" ಅಂದದ್ದು ಕೇಳಿಸಿತು.

ಲೈನ್ ಹೋಗಿರಲಿಲ್ಲ ಅಕ್ಕ.

ಹನ್ನೊಂದನೆಯ ದಿನ ಬೆಳಗಿನ ಬಸ್ಸಿಗೆ ದಿಬ್ಬೂರಹಳ್ಳಿಗೆ ಬರುತ್ತೇನೆ. ಅವತ್ತು ನನ್ನಿಂದ ಮೂಕಾಭಿನಯ ಮಾಡಿಸಬೇಕೆಂದು ನಿಮ್ಮ ತಿರುಮಲೇಶ್ ಹೇಳುತ್ತಿದ್ದ. ದಯವಿಟ್ಟು ಬೇಡವೆನ್ನಿ. ಜನ ಊಟಕ್ಕೆ ಎದ್ದ ಮೇಲೆ ಸಮಾಧಿಯ ಹತ್ತಿರ ನನ್ನೊಬ್ಬನನ್ನೇ ಸ್ವಲ್ಪ ಹೊತ್ತು ಬಿಟ್ಟರೆ ಸಾಕು.

ಮಾತಾಡುವುದಿದೆ.

ನಿಮ್ಮ ತಮ್ಮನಂಥವನು,
ವೇಣು