ಠಾಣೆಯಲ್ಲಿ ಹಾಕಿದ ಸಹಿ

ಬೇಲೂರು
೧೪ ನವೆಂಬರ್ ೨೦೨೫, ಶುಕ್ರವಾರ

ಮಗಳು ಹಿತಾಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ನಿನ್ನ ಕೆಮ್ಮು ವಾಸಿಯಾಯಿತೇ? ಮೈಸೂರಿನ ಹಾಸ್ಟೆಲಿನಲ್ಲಿ ಬೆಳಿಗ್ಗೆ ಬಿಸಿನೀರು ಬರುತ್ತಿಲ್ಲವೆಂದು ಅಮ್ಮನಿಗೆ ಹೇಳಿದೆಯಂತೆ. ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡ. ಮೆಣಸಿನ ಕಷಾಯದ ಪುಡಿ ಕಳಿಸುತ್ತಾಳಂತೆ, ಮೂಗು ಮುಚ್ಚಿಕೊಂಡಾದರೂ ಕುಡಿ. ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ.

ಸೋಮವಾರ ತೀರ್ಪು ಬಂದ ಮೇಲೆ ನೀನು ಕಳಿಸಿದ ಮೆಸೇಜನ್ನು ಅಮ್ಮ ಎರಡು ಸಲ ಗಟ್ಟಿಯಾಗಿ ಓದಿದಳು. 'ಅಪ್ಪಾ, ನೀನು ಪೊಲೀಸರಿಗೆ ಹೆದರದೆ ಕೋರ್ಟಲ್ಲಿ ನಿಜ ಹೇಳಿದೆ. ನಮ್ಮ ಕ್ಲಾಸಲ್ಲೆಲ್ಲ ಹೇಳಿದೀನಿ. ಹೆಮ್ಮೆ ಆಗ್ತಿದೆ.' ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ ಮಗೂ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಆಫೀಸಿನಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ನೀನು ಲಾ ಓದುವವಳು. ನಡೆದದ್ದನ್ನು ನಡೆದ ಹಾಗೆ ತಿಳಿದುಕೋ.

ಮೂರು ವರ್ಷದ ಹಿಂದೆ, ಇದೇ ಕಾರ್ತಿಕದಲ್ಲಿ, ಹಳೇಬೀಡಿನ ಆಚೆಯ ಒಂದು ಹಳ್ಳಿಯಲ್ಲಿ ರಾಮಣ್ಣ ಎನ್ನುವ ತೆಂಗಿನ ತೋಟದವನನ್ನು ಯಾರೋ ಗುಂಡಿಕ್ಕಿ ಕೊಂದರು. ಪಕ್ಕದ ತೋಟದ ಉಗ್ರಪ್ಪನಿಗೂ ಅವನಿಗೂ ದಾರಿಯ ವಿಷಯಕ್ಕೆ ಹಳೆಯ ಜಗಳವಿತ್ತು. ಕೊಲ್ಲುವುದನ್ನು ಕಣ್ಣಾರೆ ಕಂಡವರಿಲ್ಲ. ರಾಮಣ್ಣನ ಹೆಂಡತಿ ಮಾದಮ್ಮ ಸದ್ದು ಕೇಳಿ ಓಡಿ ಬಂದಾಗ, ರಾಗಿ ಹೊಲದೊಳಗೆ ಓಡುತ್ತಿದ್ದ ಒಬ್ಬನ ಬೆನ್ನನ್ನಷ್ಟೇ ನೋಡಿದಳು. ಹೆಣದ ಹತ್ತಿರ ಬಂದೂಕಿನ ಒಂದು ಖಾಲಿ ತೋಟಾ, ಎಂದರೆ ಕಾಡತೂಸು, ಸಿಕ್ಕಿತು. ಮೂರನೆಯ ದಿನ ಪೊಲೀಸರು ಉಗ್ರಪ್ಪನನ್ನು ಹಿಡಿದರು.

ಬಂಧಿತನಿಂದ ಆಯುಧ ವಶಪಡಿಸಿಕೊಳ್ಳುವಾಗ ಇಬ್ಬರು ಪಂಚರು, ಎಂದರೆ ಹೊರಗಿನ ಸಾಕ್ಷಿಗಳು, ಎದುರಿಗಿರಬೇಕು. ನಮ್ಮ ತಾಲೂಕು ಕಚೇರಿಗೆ ಠಾಣೆಯಿಂದ ಪತ್ರ ಬಂತು. ನಮ್ಮ ಸಾಹೇಬರು ನನ್ನನ್ನೂ ಅಟೆಂಡರ್ ಚನ್ನಬಸವಯ್ಯನನ್ನೂ ಕಳಿಸಿದರು. ಉಗ್ರಪ್ಪನ ತೋಟಕ್ಕೆ ಹೋಗಬೇಕಾಗುತ್ತದೆಂದು ನಾನು ಟೋಪಿ, ನೀರಿನ ಬಾಟಲಿ ಎಲ್ಲ ತೆಗೆದುಕೊಂಡು ಹೋಗಿದ್ದೆ. ಠಾಣೆಯೊಳಗೆ ಕಾಲಿಟ್ಟರೆ ಬಂದೂಕು ಆಗಲೇ ಮೇಜಿನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಉಗ್ರಪ್ಪ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಠಾಣೆಯ ರೈಟರ್ ಕಂಪ್ಯೂಟರಿನಲ್ಲಿ ಮಹಜರು ಹೊಡೆಯುತ್ತಿದ್ದರು: 'ಆರೋಪಿಯು ಪಂಚರನ್ನೂ ನಮ್ಮನ್ನೂ ತನ್ನ ತೋಟದ ಪಂಪ್‌ಹೌಸಿಗೆ ಕರೆದೊಯ್ದು, ತೆಂಗಿನ ಮಟ್ಟೆಗಳ ರಾಶಿಯ ಕೆಳಗಿನಿಂದ ಒಂದು ನಾಡಬಂದೂಕನ್ನು ತೆಗೆದು ಹಾಜರುಪಡಿಸಿದನು.'

"ನಾವು ಅಲ್ಲಿಗೆ ಹೋಗಲೇ ಇಲ್ಲವಲ್ಲ ಸಾರ್?" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಠಾಣೆಯ ಸಾಹೇಬರು ನಕ್ಕರು. "ಬೆಳಿಗ್ಗೆನೇ ಅವನನ್ನ ಕರ್ಕೊಂಡ್ ಹೋಗಿ ತಂದ್ವಿ ಸ್ವಾಮಿ. ಕೊಂದೋನು ಅವನೇ, ಬಂದೂಕೂ ಅವನದೇ. ಈ ಬಿಸಿಲಲ್ಲಿ ನಿಮ್ಮನ್ಯಾಕೆ ಅಲೆದಾಡಿಸ್ಲಿ? ಕಾಫಿ ಕುಡೀರಿ." ಕಾಫಿ ಬಂತು. ಕುಡಿದೆ. ಬಂದೂಕನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದರು, ಅರಗು ಕರಗಿಸಿ ಮುದ್ರೆ ಒತ್ತಿದರು. ನಮ್ಮಿಬ್ಬರ ಸಹಿಯ ಚೀಟಿ ಅಂಟಿಸಿದರು. ಆ ಕೆಲಸವನ್ನೆಲ್ಲ ಬಹಳ ಅಚ್ಚುಕಟ್ಟಾಗಿ ಮಾಡಿದರು, ಸುಳ್ಳು ಹೇಳಬಾರದು. ಚನ್ನಬಸವಯ್ಯ ಓದದೆ ಸಹಿ ಮಾಡಿದ. ನಾನು ಪೂರ್ತಿ ಓದಿ ಸಹಿ ಮಾಡಿದೆ. ತಪ್ಪು ಯಾರದು ದೊಡ್ಡದು ಎನ್ನುವುದನ್ನು ನೀನೇ ಹೇಳು. ಜಪ್ತಿಯನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಲೇಬೇಕೆಂಬ ಹೊಸ ಕಾನೂನು ಬಂದಿದೆ ಎಂದು ಹೋದ ವರ್ಷ ಹೇಳಿದ್ದೆಯಲ್ಲ, ನಮ್ಮದು ಅದಕ್ಕೂ ಮುಂಚಿನದು. ಆಗ ನಮ್ಮ ಕಣ್ಣೇ ಕ್ಯಾಮೆರಾ ಆಗಬೇಕಿತ್ತು.

ಲ್ಯಾಬಿನ ವರದಿ ಬಂತು. ಹೆಣದ ಹತ್ತಿರ ಸಿಕ್ಕಿದ ತೋಟಾ ಇದೇ ಬಂದೂಕಿನಿಂದ ಹಾರಿದ್ದು. ಆದರೆ ಬಂದೂಕಿಗೆ ಲೈಸೆನ್ಸ್ ಇಲ್ಲ, ಅದರ ಮೇಲೆ ಯಾರ ಹೆಸರೂ ಇಲ್ಲ. ಅದು ಉಗ್ರಪ್ಪನ ಕೈಯದು ಎನ್ನುವುದಕ್ಕೆ ಇದ್ದದ್ದು ಆ ಮಹಜರು ಒಂದೇ. ಎಂದರೆ ಚನ್ನಬಸವಯ್ಯ ಮತ್ತು ನಾನು.

ಈ ಆಗಸ್ಟಿನಲ್ಲಿ ಸಾಕ್ಷಿಗೆ ಕರೆದರು. ಚನ್ನಬಸವಯ್ಯ ಈಗ ರಿಟೈರಾಗಿದ್ದಾನೆ, "ಏನೂ ನೆನಪಿಲ್ಲ ಸ್ವಾಮಿ" ಎಂದು ಕಟಕಟೆಯಿಂದ ಇಳಿದುಬಿಟ್ಟ. ಸರ್ಕಾರಿ ವಕೀಲರು ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದು, "ಮಹಜರಿನಲ್ಲಿ ಇರೋ ಹಾಗೆ ಹೇಳಿ ಸಾಕು, ಕೇಸು ನಿಂತಿರೋದೇ ನಿಮ್ಮ ಮೇಲೆ" ಎಂದರು. ಜಪ್ತಿಯಾದ ಸಾಮಾನಿಡುವ ಮುದ್ದೆಮಾಲು ಕೋಣೆಯಿಂದ ಬಂದೂಕು ತಂದು ಅರಗು ಒಡೆದರು. ಚೀಟಿಯ ಮೇಲಿನ ಸಹಿ ನನ್ನದೇ ಎಂದೆ. ಆಮೇಲೆ ಉಗ್ರಪ್ಪನ ವಕೀಲರು ಎದ್ದು ಮೆಲ್ಲಗೆ ಕೇಳಿದರು, ಈ ಸಹಿ ಎಲ್ಲಿ ಹಾಕಿದಿರಿ? ಠಾಣೆಯಲ್ಲಿ. ಪಂಪ್‌ಹೌಸಿಗೆ ಹೋಗಿದ್ದಿರಾ? ಇಲ್ಲ. ಮಟ್ಟೆಯ ರಾಶಿ ನೋಡಿದ್ದೀರಾ? ಇಲ್ಲ. ಮೂರು ಪ್ರಶ್ನೆ, ಅಷ್ಟೇ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ನ್ಯಾಯಾಧೀಶರನ್ನು ಕೇಳಿಕೊಂಡರು.

ಸೋಮವಾರ ಸಂಶಯದ ಲಾಭ ಕೊಟ್ಟು ಉಗ್ರಪ್ಪನನ್ನು ಬಿಟ್ಟರು. ನಾನು ಹೋಗಬೇಕಾಗಿರಲಿಲ್ಲ, ಆದರೂ ರಜೆ ಹಾಕಿ ಹೋದೆ. ಹೊರಗೆ ಹುಣಸೇಮರದ ಕೆಳಗೆ ಮಾದಮ್ಮ ನಿಂತಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. "ಅವತ್ತೇ ಹೋಗಿ ನೋಡಿದ್ರೆ ಆಯ್ತಿತ್ತಲ್ವಾ ಸ್ವಾಮಿ? ತ್ವಾಟ ಏನು ದೂರ ಐತಾ? ನೀವು ಕೇಳಿದ್ರೆ ನಾನೇ ಮುಂದೆ ನಡ್ಕಂಡು ಬತ್ತಿದ್ದೆ" ಎಂದಳು. ಅವಳಿಗೆ ಕೋಪವಿದ್ದ ಹಾಗೆ ಕಾಣಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದಳು. ಠಾಣೆಯ ಆ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಗಿ, ಬಡ್ತಿಯೂ ಸಿಕ್ಕಿದೆಯಂತೆ.

ಉಗ್ರಪ್ಪನೇ ಕೊಂದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ ಹಿತಾ. ಆ ಬಂದೂಕು ನಿಜವಾಗಿಯೂ ಮಟ್ಟೆಯ ರಾಶಿಯಲ್ಲಿತ್ತೋ, ಬೇರೆಲ್ಲಿಂದಲೋ ಬಂತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ತಿಳಿದುಕೊಳ್ಳುವುದಕ್ಕೆಂದೇ ಸರ್ಕಾರ ನನ್ನನ್ನು ಕಳಿಸಿತ್ತು. ನಾನು ಕಾಫಿ ಕುಡಿದು ಬಂದೆ. ನಿರಪರಾಧಿಯಾಗಿದ್ದರೆ ಅವನ ಮೇಲೆ ಆ ಸುಳ್ಳು ಕಾಗದ ಹೊರಿಸಿದವನು ನಾನು, ಅಪರಾಧಿಯಾಗಿದ್ದರೆ ಬಿಡಿಸಿದವನೂ ನಾನೇ. ಎತ್ತ ತಿರುಗಿದರೂ ಇದರಿಂದ ಹೊರಗೆ ಬರುವ ದಾರಿ ಕಾಣುತ್ತಿಲ್ಲ.

ಅಮ್ಮ ನಿನ್ನನ್ನು ಹೊತ್ತುಹೊತ್ತಿಗೆ ಉಣ್ಣಲು ಹೇಳಿದ್ದಾಳೆ. ಪರೀಕ್ಷೆಗೆ ಚೆನ್ನಾಗಿ ಓದು. ನಮ್ಮೂರ ದೇವರು ಕೇಶವಸ್ವಾಮಿ ನಿನ್ನ ಕೈಯಲ್ಲಿ ಓದದ ಕಾಗದಕ್ಕೂ, ಓದಿದ ಸುಳ್ಳಿಗೂ ಸಹಿ ಹಾಕಿಸದಿರಲಿ.

ಇಂತಿ,
ನಿನ್ನ ಅಪ್ಪ,
ಪಾರ್ಥಸಾರಥಿ

ಮತ್ತೆ: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ನಾನು ಮಹಜರಿನಲ್ಲಿರುವುದನ್ನೇ ಹೇಳಬೇಕೆಂದು, ತೋಟಕ್ಕೆ ಹೋಗಿದ್ದೆನೆಂದು ಸುಳ್ಳು ಹೇಳಿ ಆ ಮಾದಮ್ಮನಿಗೆ ನ್ಯಾಯ ಕೊಡಿಸಬೇಕೆಂದು ತೀರ್ಮಾನಿಸಿಕೊಂಡಿದ್ದೆ. ಸಾಕ್ಷಿಗೆ ಎರಡು ದಿನ ಮುಂಚೆ ಉಗ್ರಪ್ಪನ ತಮ್ಮ ಆಫೀಸಿನ ಹತ್ತಿರ ಸಿಕ್ಕಿ ಕೈ ಮುಗಿದ. "ಸುಳ್ಳು ಹೇಳಿ ಅಂತಿಲ್ಲ ಸ್ವಾಮಿ, ನಿಜಾನೇ ಹೇಳಿ ಸಾಕು. ನಿಮ್ಮ ಮಗಳು ಶನಿವಾರ ಸಂಜೆ ಮೈಸೂರು ಬಸ್ಸಲ್ಲಿ ಒಬ್ಬಳೇ ಬಂದು ಇಳೀತಾಳಲ್ವಾ, ಒಳ್ಳೆ ಹುಡುಗಿ" ಎಂದ. ಆ ಹೆದರಿಕೆಗೆ ನಾನು ಹೇಳಿದ ನಿಜ ಅದು ಮಗೂ. ಅಮ್ಮನಿಗೆ ಗೊತ್ತಿಲ್ಲ, ಹೇಳಬೇಡ. ಕ್ಲಾಸಿನಲ್ಲಿ ಇನ್ನು ನನ್ನ ಹೆಸರೆತ್ತಬೇಡ. ಮುಂದಿನ ಸಲ ಬರುವಾಗ ಹಾಸನದಲ್ಲೇ ಇಳಿದುಕೋ, ನಾನು ಬಂದು ನಿಂತಿರುತ್ತೇನೆ.